ಬೈರಯ್ಯನ ಮಂಚದ ಸೈಕಲ್

ಮಾಗಡಿ ರಸ್ತೆಯಲ್ಲಿ ಸೊಪ್ಪಿನ ಗಾಡಿಗಳು ಪೇಟೆಯ ಕಡೆ ಹೊರಟಿವೆ. ಕಾಮಾಕ್ಷಿಪಾಳ್ಯದ ತಿರುವಿನಲ್ಲಿ, ಹುಣಸೆ ಮರಕ್ಕೆ ಆತುಕೊಂಡ ತಗಡಿನ ಮಾಡಿನ ಕೆಳಗೆ, ಬೈರಯ್ಯ ಒಂದು ಸೈಕಲ್ ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ, ಅವರಿಗೆ ಬೆಳಕು ಬೇಕಾಗಿಯೂ ಇಲ್ಲ. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ, ಸದ್ದು ಸಡಿಲವಾಗಿದ್ದರೆ ಕೀಲಿ ಹಾಕಿ ಅರ್ಧ ಸುತ್ತು ಬಿಗಿಯುತ್ತಾರೆ. ಮುಂದಿನ ಚಕ್ರಕ್ಕೆ ಮೂವತ್ತೆರಡು ಕಡ್ಡಿ, ಹಿಂದಿನದಕ್ಕೆ ನಲವತ್ತು. ದಿನಕ್ಕೆ ಐದಾರು ಚಕ್ರ, ಹತ್ತು ಹನ್ನೆರಡು ಪಂಕ್ಚರ್. ಗಿರಣಿಯ ಮೊದಲ ಪಾಳಿಯವರು ಬರುವುದರೊಳಗೆ ಎರಡು ಚಕ್ರವಾದರೂ ಮುಗಿದಿರಬೇಕು.

"ಕಣ್ಣಲ್ಲಿ ನೋಡಿದ್ರೆ ಎಲ್ಲಾ ಕಡ್ಡೀನೂ ನೆಟ್ಟಗೇ ಕಾಣ್ತವೆ ಸ್ವಾಮಿ. ಯಾವ್ದು ಸೋತದೆ ಅಂತ ಕಿವೀಗೇ ಗೊತ್ತಾಗೋದು" ಎನ್ನುತ್ತಾರೆ.

ಅರವತ್ತರ ಹತ್ತಿರದ ಬೈರಯ್ಯ ಹುಟ್ಟಾ ಸೈಕಲ್ ರಿಪೇರಿಯವರಲ್ಲ. ಈಗ ರಾಜಾಜಿನಗರದ ರಸ್ತೆಗಳು ಎದ್ದಿರುವ ಕಡೆ ಅವರ ರಾಗಿ ಹೊಲವಿತ್ತು. ಬಡಾವಣೆ ಬಂತು, ಹೊಲ ಹೋಯಿತು, ಮೇವಿಲ್ಲದೆ ಎತ್ತುಗಳನ್ನೂ ಮಾರಬೇಕಾಯಿತು. ಮಾರಿದ ದಿನ ಮನೆತನದ ಪದ್ಧತಿಯಂತೆ ಹಗ್ಗವನ್ನೂ ಕೊರಳ ಗಂಟೆಯನ್ನೂ ಬಿಚ್ಚಿಟ್ಟುಕೊಂಡರು. ದನ ಕೊಟ್ಟರೂ ಹಗ್ಗ ಕೊಡುವಂತಿಲ್ಲ. ಕೊಟ್ಟರೆ ಮನೆಯ ಸಿರಿಯೂ ಅದರ ಹಿಂದೆಯೇ ನಡೆದುಬಿಡುತ್ತದೆಂದು ಅವರ ಕಡೆಯ ನಂಬಿಕೆ. ಹೋಗಬೇಕಾದ ಸಿರಿ ಆಗಲೇ ಹೋಗಿಯಾಗಿತ್ತು. ಆದರೂ ಆ ಹಗ್ಗ ಅಂಗಡಿಯ ಮೊಳೆಯಲ್ಲಿ ಇವತ್ತಿಗೂ ತೂಗುತ್ತಿದೆ.

ತಮ್ಮ ಕೆಂಚಪ್ಪ ಗಿರಣಿ ಸೇರಿದ. ಒಂದು ದಿನ ಹತ್ತಿಯ ಮೂಟೆ ಬೆನ್ನ ಮೇಲೆ ಉರುಳಿತು. ಪ್ರಾಣವೇನೋ ಉಳಿಯಿತು, ಸೊಂಟ ಮಾತ್ರ ಬಗ್ಗದಾಯಿತು. ಹಿಂದಕ್ಕೆ ಒರಗಿದರೆ ಹಿತ, ಮುಂದಕ್ಕೆ ಬಾಗಿದರೆ ಕಣ್ಣಲ್ಲಿ ನೀರು. ಗೇಟಿನಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು, ಆದರೆ ಮೂರು ಮೈಲಿ ಹೋಗುವುದು ಹೇಗೆ? ಬೈರಯ್ಯ ಗುಜರಿಯಿಂದ ಎರಡು ಸೈಕಲ್ ತಂದು ಕುಯ್ದರು. ಮುರಿದ ಆರಾಮಕುರ್ಚಿಯೊಂದರ ಬೆತ್ತದ ಬೆನ್ನನ್ನು ನಡುವೆ ಕೂರಿಸಿದರು, ಪೆಡಲನ್ನು ಮುಂದಕ್ಕೆ ಒಯ್ದರು, ಎರಡೂವರೆ ಚೈನು ಸೇರಿಸಿ ಒಂದು ಮಾಡಿದರು. ಸವಾರ ಒರಗಿ ಕೂತು, ಕಾಲು ಮುಂದಕ್ಕೆ ಚಾಚಿ ತುಳಿಯಬೇಕು. ಪಾಳ್ಯದವರು ಅದಕ್ಕೆ ಮಂಚದ ಸೈಕಲ್ ಎಂದು ಹೆಸರಿಟ್ಟು ಹೊಟ್ಟೆ ತುಂಬ ನಕ್ಕರು.

ಅಷ್ಟು ತಗ್ಗಿನಲ್ಲಿ ಹೋಗುವವನು ಗಾಡಿಯವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಬೈರಯ್ಯ ಸೈಕಲ್ ಬೆಲ್ಲಿನ ಬದಲು ಎತ್ತಿನ ಕೊರಳ ಗಂಟೆಯನ್ನು ಕಟ್ಟಿದರು. ಆ ಸದ್ದಿಗೆ ರಸ್ತೆಯ ಎತ್ತುಗಳು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದವು. ಕೆಂಚಪ್ಪ ಐದು ವರ್ಷ ಹಾಗೆ ಗಂಟೆ ಬಾರಿಸಿಕೊಂಡು, ದೊರೆಯಂತೆ ಕಾಲು ಚಾಚಿಕೊಂಡು ಕೆಲಸಕ್ಕೆ ಹೋಗಿಬಂದ.

ಹೋದ ವರ್ಷದ ಕಾರ್ತಿಕದಲ್ಲಿ, ಕನ್ನಡನಾಡು ಒಂದಾಯಿತೆಂದು ಊರೆಲ್ಲ ಪಟಾಕಿ ಹೊಡೆಯುತ್ತಿದ್ದ ವಾರದಲ್ಲಿ, ಕೆಂಚಪ್ಪ ವಿಷಮಜ್ವರದಿಂದ ತೀರಿಕೊಂಡ. ಅವನ ಹೆಂಡತಿ ನೀಲಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ಊದುಬತ್ತಿ ಹೊಸೆಯುತ್ತಾರೆ. ಹತ್ತು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಬೈರಯ್ಯನ ಮುಂದೆ ಬಂದು ನಿಂತರು.

"ಅದನ್ನ ಮಾರ್ಬುಡಿ ಭಾವ. ಬಾಗಿಲು ತೆಗೆದ್ರೆ ಖಾಲಿ ಕುರ್ಚಿ ಕಾಣ್ತದೆ. ವರ್ಷದ ಎಡೆ ಇಡೋ ಹೊತ್ಗೆ ಅದು ಇಲ್ಲಿರಬಾರ್ದು."

ಮಾರುವುದೇನು ಸುಲಭವೇ? ನೋಡಲು ಹನ್ನೊಂದು ಜನ ಬಂದರು, ಕೂತು ನೋಡಿದವರು ಇಬ್ಬರು. ಉಗ್ರಪ್ಪನೆಂಬ ಕಟ್ಟಿಗೆ ಡಿಪೋದವನು ಮುಖದ ಮೇಲೇ ಅಂದ: "ಮಲಗ್ಕೊಂಡು ರಸ್ತೇಲಿ ಹೋಗೋದು ಹೆಣ ಕಣಯ್ಯ. ಇದನ್ನ ಯಾವನು ತಗೊಂಡಾನು?" ಗುಜರಿಯವನು ತೂಕಕ್ಕೆ ಕೇಳಿದ. ಬೈರಯ್ಯ ಅವನನ್ನು ಅಂಗಡಿಯೊಳಗೆ ಕಾಲಿಡಲು ಬಿಡಲಿಲ್ಲ. "ತಮ್ಮನ್ನ ತಕ್ಕಡೀಗೆ ಹಾಕಕ್ಕಾಯ್ತದಾ ಸ್ವಾಮಿ?" ಎಂದು ಈಗಲೂ ಕೇಳುತ್ತಾರೆ.

ಎಡೆಗೆ ಎಂಟು ದಿನವಿರುವಾಗ ಚನ್ನವೀರಪ್ಪ ಬಂದರು. ಹಾವೇರಿ ಕಡೆಯವರು. ರಾಜ್ಯ ಒಂದಾದ ಮೇಲೆ ವರ್ಗವಾಗಿ ಬಂದ ಸರ್ಕಾರಿ ಗುಮಾಸ್ತರು. ಎಂದೋ ಬಿದ್ದು ಮುರಿದ ಸೊಂಟ ಸೊಟ್ಟಗೆ ಕೂಡಿಕೊಂಡಿತ್ತು. ಕೋಲೂರಿಕೊಂಡು ದಿನಾ ಕಚೇರಿಗೆ ನಡೆಯುತ್ತಿದ್ದರು. ಸೈಕಲ್ಲಿನ ಬೆತ್ತಕ್ಕೆ ಬೆನ್ನು ಕೊಟ್ಟು ಕೂತವರು ಎಷ್ಟೋ ಹೊತ್ತು ಏಳಲೇ ಇಲ್ಲ.

"ನೋವಿಲ್ಲದ ಕುಂತು ಎಷ್ಟ ವರ್ಷ ಆಗಿತ್ತರಿ" ಅಂದರು.

ಅಷ್ಟು ಕೇಳಿದ್ದೇ ಬೈರಯ್ಯ ಬೆಲೆಯ ಮಾತನ್ನು ಅವರ ಬಾಯಿಗೇ ಬಿಟ್ಟರು. ಕೊಡುವ ಮುಂಚೆ ಕುಂಕುಮವಿಟ್ಟರು, ಚೈನಿಗೆ ಎಣ್ಣೆ ಬಿಟ್ಟರು. ಆಮೇಲೆ, ಎತ್ತಿನ ಹಗ್ಗ ಬಿಚ್ಚಿದ ಅದೇ ಕೈ, ಗಂಟೆಯನ್ನೂ ಬಿಚ್ಚಿ ಮೊಳೆಗೆ ಸಿಕ್ಕಿಸಿತು. ಪೇಟೆಯಲ್ಲಿ ಒಂದು ಬೆಲ್ ಕೊಂಡುಕೊಳ್ಳಿ ಎಂದು ಹೇಳಿ ಕಳಿಸಿದರು. ಮೊಳೆಯಲ್ಲಿ ಈಗ ಎತ್ತಿನ ನೆನಪಿನ ಜೊತೆಗೆ ತಮ್ಮನ ನೆನಪೂ ತೂಗುತ್ತಿತ್ತು. ಅದು ತಪ್ಪೆಂದು ಅವರಿಗೆ ಹೊಳೆಯಲೇ ಇಲ್ಲ.

ಮೂರನೆಯ ದಿನ ಚನ್ನವೀರಪ್ಪ ಸೈಕಲ್ ತಳ್ಳಿಕೊಂಡು, ಕುಂಟುತ್ತ ಬಂದರು. ಮೊಣಕೈಗೆ ಬಟ್ಟೆ ಸುತ್ತಿತ್ತು, ಬಟ್ಟೆಯಲ್ಲಿ ರಕ್ತವಿತ್ತು.

"ಟೋಲ್‌ಗೇಟ್ ಹತ್ರ ಬೆಲ್ ಹೊಡದೇ ಹೊಡದೆ ನೋಡ್ರಿ. ಗಾಡಿಯಂವ ಆ ಕಡೆ ನೋಡಿದ, ಈ ಕಡೆ ನೋಡಿದ. ಕೆಳಗ ನೋಡಲಿಲ್ಲ. ಗಾಲಿ ತಲೀ ಪಕ್ಕದಾಗ ಹೋತು."

ಅವರು ಜಗಳಕ್ಕೆ ಬಂದಿರಲಿಲ್ಲ, ಬಾಗಿದ ಪೆಡಲು ನೆಟ್ಟಗೆ ಮಾಡಿಸಲು ಬಂದಿದ್ದರು. ಬೈರಯ್ಯನ ಕಣ್ಣು ಮಾತ್ರ ಮೊಳೆಯಲ್ಲಿದ್ದ ಗಂಟೆಯ ಕಡೆ ಹೋಯಿತು. "ಮಾರಿದ್ದು ಸೈಕಲ್ಲು, ಎತ್ತು ಮಾರ್ದೋನ ಹಂಗೆ ಆಡ್ಬುಟ್ಟೆ. ಒಂದು ಜೀವ ಹೋಗ್ತಿತ್ತು ಸ್ವಾಮಿ, ನನ್ನ ಮನೆ ಶಾಸ್ತ್ರಕ್ಕೆ" ಎನ್ನುತ್ತಾರೆ.

ಮೊಳೆಗೆ ಕೈ ಹಾಕಿದರು. ಕೈ ಗಂಟೆಯ ಮೇಲೆಯೇ ನಿಂತುಬಿಟ್ಟಿತು. ಮನೆಯಲ್ಲಿ ಕೆಂಚಪ್ಪನದೆಂದು ಉಳಿದಿದ್ದ ಸದ್ದು ಅದೊಂದೇ. ಕೋಣೆಯ ಬಾಗಿಲಲ್ಲಿ ನಿಂತಿದ್ದ ನೀಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದರು: "ಕೊಟ್ಬುಡಿ ಭಾವ. ಅವರ ಮನೇಲೂ ಸಂಜೆ ಕಾಯೋರು ಇರ್ತಾರೆ."

ಬೈರಯ್ಯ ಗಂಟೆಯನ್ನು ಮತ್ತೆ ಸೈಕಲ್ಲಿಗೆ ಕಟ್ಟಿದರು. ಎಡೆಯ ದಿನ ಮೊಳೆಯಲ್ಲಿ ಹಗ್ಗ ಮಾತ್ರ ಇತ್ತು.

ಇವತ್ತು ಒಂಬತ್ತು ಗಂಟೆಯ ಹೊತ್ತಿಗೆ ಬೈರಯ್ಯ ನಾಲ್ಕು ಪಂಕ್ಚರ್ ಮುಗಿಸಿ ಮೂರನೆಯ ಚಕ್ರ ಹಿಡಿದಿದ್ದಾರೆ. ಪಾಳ್ಯದ ಆ ತುದಿಯಿಂದ ಗಂಟೆಯ ಸದ್ದು ಕೇಳಿಸುತ್ತದೆ. ಒಳಗೆ ಊದುಬತ್ತಿ ಹೊಸೆಯುತ್ತಿದ್ದ ನೀಲಮ್ಮನ ಕೈ ನಿಲ್ಲುತ್ತದೆ. ಹೊರಗೆ ಒಂದು ಸೌದೆ ಗಾಡಿಯ ಎತ್ತುಗಳು ಎಡಕ್ಕೆ ಸರಿಯುತ್ತವೆ. ಚನ್ನವೀರಪ್ಪ ಕಾಲು ಚಾಚಿಕೊಂಡು ಅಂಗಡಿಯ ಮುಂದೆ ಹಾದು ಹೋಗುತ್ತಾರೆ, ಕೈಯೆತ್ತಿ ನಮಸ್ಕಾರವನ್ನೂ ಮಾಡುತ್ತಾರೆ. ಬೈರಯ್ಯ ಕಡ್ಡಿ ಮೀಟುವುದನ್ನು ಬಿಟ್ಟು ಕೂತಿದ್ದಾರೆ, ಆದರೆ ತಲೆ ಎತ್ತುವುದಿಲ್ಲ. ಸದ್ದು ಟೋಲ್‌ಗೇಟಿನ ಕಡೆ ಇಳಿದು ಹೋಗುವವರೆಗೂ ಹಾಗೆಯೇ ಇರುತ್ತಾರೆ.

"ಅವರಿಗೆ ಒಳದಾರಿ ಹತ್ರ ಆಯ್ತದೆ. ಆದ್ರೂ ಈ ರಸ್ತೇಲೇ ಹೋಗಿ ಅಂತ ಕೇಳ್ಕೊಂಡಿದೀನಿ. ಬೇರೇನೂ ಕೇಳಿಲ್ಲ" ಎನ್ನುತ್ತಾರೆ. ಹಾಗಾದರೆ ತಲೆ ಎತ್ತಿ ನೋಡುವುದಿಲ್ಲವೇಕೆ ಎಂದು ಕೇಳಿದರೆ ಚಕ್ರವನ್ನು ಒಮ್ಮೆ ತಿರುಗಿಸಿ ಬಿಡುತ್ತಾರೆ.

"ನೋಡಿದ್ರೆ ಬೇರೆಯೋರು ಸ್ವಾಮಿ. ನೋಡ್ದೆ ಇದ್ರೆ ನನ್ನ ತಮ್ಮ."