ಮಡಚಿದರೂ ಗೆರೆ ಬೀಳದ ಲೆನ್ಸ್

ಮೊನ್ನೆ ಮೂಡಬಿದಿರೆಯಲ್ಲಿ ಕಣ್ಣಿನ ಡಾಕ್ಟರು ನನ್ನ ಅಂಗೈ ಮೇಲೆ ಒಂದು ಮಾದರಿ ಲೆನ್ಸ್ ಇಟ್ಟರು. ಬೇಳೆಯಷ್ಟು ಪುಟ್ಟದು, ಎರಡು ಬದಿಗೆ ಕೂದಲಿನಂಥ ಎರಡು ಕೈ. "ಪೊರೆ ತೆಗೆದು ಇದನ್ನು ಕೂರಿಸುವುದು," ಎಂದರು. ಹೆದರಿಕೆಯಾಗಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. ಡಾಕ್ಟರು ಅನುಮಾನದಿಂದ ನೋಡಿದರು. ನೀವೂ ಹಾಗೆ ನೋಡುವ ಮೊದಲು ಅಬ್ಬಾಸಾಕರ ವಿಷಯ ಹೇಳಿಬಿಡುತ್ತೇನೆ.

ಅಬ್ಬಾಸಾಕ ಬಂಟ್ವಾಳ ಪೇಟೆಯ ಬಟ್ಟೆ ವ್ಯಾಪಾರಿ. ಬಣ್ಣದ ವಿಷಯದಲ್ಲಿ ಅವರದೇ ಕೊನೆಯ ಮಾತು. ಕೆಲವು ವರ್ಷಗಳ ಹಿಂದೆ ಅವರು ಕಪ್ಪೆಂದು ಕೊಟ್ಟ ಪ್ಯಾಂಟಿನ ಬಟ್ಟೆ ಬಿಸಿಲಿಗೆ ಬಂದಾಗ ಕಡುನೀಲಿಯಾಗಿತ್ತು. ಜಗಳಕ್ಕೆಂದು ಹೋದವನು ಅವರ ಮುಖ ನೋಡಿ ಒಂದು ಬಿಳಿ ಕರ್ಚೀಫ್ ಕೊಂಡು ಮರಳಿದೆ. ಅದು ತಿಳಿಹಳದಿ. ಪೇಟೆಯಲ್ಲಿ ಎಲ್ಲರ ಪಾಡೂ ಇದೇ. ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಕೊನೆಗೊಂದು ದಿನ ತಮ್ಮದೇ ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ದ ಬೊಂಬೆಗೆ "ಒಳಗೆ ಬನ್ನಿ ಅಕ್ಕ, ಬಿಸಿಲುಂಟು" ಎಂದು ಒತ್ತಾಯ ಮಾಡಿದ ಮೇಲೆ ಅವರೇ ಕಣ್ಣಿನ ಪೊರೆಯ ಆಪರೇಷನ್ನಿಗೆ ಒಪ್ಪಿದರು. ಜೊತೆಗೆ ಅವರ ಹೆಂಡತಿ ಬೀಫಾತಿಮ್ಮ ಮತ್ತು ನಾನು ಹೋದೆವು.

ಅಲ್ಲಿನ ಡಾಕ್ಟರಮ್ಮ ಒಂದು ಮಾದರಿ ಲೆನ್ಸ್ ಕೈಗೆ ಕೊಟ್ಟು ವಿವರಿಸಿದರು: ಹಿಂದಿನ ಲೆನ್ಸ್ ಗಟ್ಟಿ ಪ್ಲಾಸ್ಟಿಕ್, ಅದಕ್ಕೆ ದೊಡ್ಡ ಗಾಯ, ಹೊಲಿಗೆ ಎಲ್ಲ ಬೇಕಿತ್ತು. ಈಗಿನದು ಮೆದು. ಮಡಚಿ ಸಣ್ಣ ತೂತಿನಿಂದ ಒಳಗೆ ಬಿಟ್ಟರೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಬ್ಬಾಸಾಕ ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. "ಮಡಚಿದ ಗೆರೆ ಬೀಳುವುದಿಲ್ವಾ?"

"ಇಲ್ಲ."

"ನೀರಿಗೆ ಕುಗ್ಗುವುದಾ?"

"ಕಣ್ಣೊಳಗಿನದ್ದನ್ನು ಯಾರು ತೊಳೀತಾರೆ ಮಾರಾಯ್ರೇ?"

"ಅಳುವುದುಂಟಲ್ಲ ಡಾಕ್ಟ್ರೇ!"

"ಕಣ್ಣೀರು ಹೊರಗೆ, ಲೆನ್ಸ್ ಒಳಗೆ. ಧೈರ್ಯವಾಗಿ ಅಳಿ."

ದೂರಕ್ಕೂ ಹತ್ತಿರಕ್ಕೂ ಆಗುವ ಇನ್ನೊಂದು ಬಗೆಯೂ ಇತ್ತು. ಅದರಲ್ಲಿ ದೀಪದ ಸುತ್ತ ಬಳೆ ಕಾಣಬಹುದಂತೆ. "ಬಳೆ ವ್ಯಾಪಾರ ನಮ್ಮದಲ್ಲ," ಎಂದು ಅಬ್ಬಾಸಾಕ ದೂರಕ್ಕೆ ಮಾತ್ರ ಆಗುವುದನ್ನೇ ಆರಿಸಿದರು.

ಮರುದಿನ ಪಟ್ಟಿ ತೆಗೆದಾಗ ಎದುರಿಗಿದ್ದದ್ದು ಬೀಫಾತಿಮ್ಮ. ಅಬ್ಬಾಸಾಕ ಅವರ ಶಾಲನ್ನೇ ದಿಟ್ಟಿಸಿದರು. ಆಮೇಲೆ ಬ್ಯಾರಿ ಭಾಷೆಯಲ್ಲಿ ನಡೆದ ಮಾತು ನನಗೆ ತಿಳಿದಷ್ಟು ಹೀಗೆ:

"ಇದು ನೀಲಿ! ನಾನು ನಿನಗೆ ಹಸಿರು ತಂದದ್ದಲ್ವಾ?"

"ಹಸಿರು ಅಂತ ತಂದಿರಿ. ಹಸಿರು ಅಂತ ಹೊದ್ದುಕೊಂಡೆ."

ಅಬ್ಬಾಸಾಕ ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು. ಬಣ್ಣ ತಪ್ಪಿದ್ದಕ್ಕಿಂತ, ಊರೆಲ್ಲ ತಮ್ಮನ್ನು ಕಾಪಾಡಿಕೊಂಡು ಬಂದದ್ದೇ ಅವರಿಗೆ ನಾಟಿದ ಹಾಗೆ ಕಂಡಿತು. ಮತ್ತೆ ಅವರ ದೃಷ್ಟಿ ನನ್ನ ಕಡೆ ತಿರುಗಿ ಪ್ಯಾಂಟಿಗೆ ಇಳಿಯಿತು.

"ಮಾಷ್ಟ್ರೇ, ಆ ಪ್ಯಾಂಟ್ ಕಪ್ಪಲ್ಲ."

"ಅಲ್ಲ. ಆದ್ರೆ ಬಟ್ಟೆ ಗಟ್ಟಿ ಉಂಟು."

ಅವರು ನಕ್ಕ ರಭಸಕ್ಕೆ ಡಾಕ್ಟರಮ್ಮ ಓಡಿಬಂದು ಅವರ ತಲೆ ಅಲ್ಲಾಡದಂತೆ ಹಿಡಿದುಕೊಂಡರು.

ಮುಂದಿನ ವಾರ ಅವರು ನಿಜವಾದ ಹಸಿರು ಶಾಲೊಂದನ್ನು ಮನೆಗೆ ತಂದರು. ಬೀಫಾತಿಮ್ಮ ಅದನ್ನು ಮೆಚ್ಚಿ, ಮಡಚಿಟ್ಟು, ನೀಲಿಯನ್ನೇ ಹೊದ್ದುಕೊಂಡರು.

ಮೂಡಬಿದಿರೆಯಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದೆ, "ಇಷ್ಟು ಸಮಯ ನಾನು ಏನಾದ್ರೂ ತಪ್ಪು ನೋಡಿದ್ದುಂಟಾ?"

ಅವಳು ಕಿಟಕಿಯಾಚೆಗೆ ತಿರುಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಆಪರೇಷನ್ ಒಂದು ಆಗ್ಲಿ. ಮತ್ತೆ ಮನೆಗೆ ಬಂದು ನೀವೇ ನೋಡಿ."