ರೋಡಿಗೆ ಹೋಗದ ಜೀಪು

ನಮ್ಮ ಮನೆಯಲ್ಲಿ ರೋಡು ಅಂದರೆ ಮೂಡಿಗೆರೆಗೋ ಕಳಸಕ್ಕೋ ಹೊರಟಾಗ ಸಿಗುವಂಥದ್ದು. ಬಾಳೂರಿನ ಹತ್ತಿರ ನಮ್ಮ ತೋಟವನ್ನು ಎರಡು ಹೋಳು ಮಾಡಿ ಹಾದುಹೋಗುವ ಡಾಂಬರು ದಾರಿಯನ್ನು ನಾವ್ಯಾರೂ ರೋಡು ಎಂದು ಕರೆದವರಲ್ಲ. ಅದರ ಮೇಲೆ ಬಸ್ಸು ಓಡುತ್ತಿತ್ತು, ಊರವರೆಲ್ಲ ನಡೆಯುತ್ತಿದ್ದರು. ಅಪ್ಪನ ಪಾಲಿಗೆ ಮಾತ್ರ ಅದು ಮೇಲಿನ ತೋಟಕ್ಕೂ ಕೆಳಗಿನ ತೋಟಕ್ಕೂ ನಡುವಿನ ಜಾಗ. ಕಾಫಿ ಹಣ್ಣು ತುಂಬಿಕೊಂಡು ಇಳಿಯುವ ಜೀಪು ಅದನ್ನು ದಾಟಲು ನಾಲ್ಕು ಉಸಿರು ಸಾಕಿತ್ತು. "ರೋಡಿಗೇ ಹೋಗದ ಜೀಪಿಗೆ ಎಂಥದ್ದು ಮಾರಾಯ ಇನ್ಶೂರೆನ್ಸು?" ಎಂದು ಅಪ್ಪ ಮೂರು ವರ್ಷದಿಂದ ಕಟ್ಟಿರಲಿಲ್ಲ. ಪದವಿ ಮುಗಿಸಿ ಬಂದಿದ್ದ ನನಗೂ ಅದು ಜಾಣತನವೆಂದೇ ಕಂಡಿತ್ತು.

ತೊಂಬತ್ತರ ದಶಕದ ನಡುಭಾಗ. ಕೊಯ್ಲಿನ ಒಂದು ಮಧ್ಯಾಹ್ನ ಜೀಪು ಓಡಿಸುತ್ತಿದ್ದವನು ನಾನೇ. ಹಾರ್ನ್ ಹೊಡೆಯದೆ, ಎಡಬಲ ನೋಡದೆ ಇಳಿಸಿದೆ. ನಮ್ಮ ಜಾಗದಲ್ಲಿ ನಾವು ಹಾರ್ನ್ ಹೊಡೆಯುವುದುಂಟೆ! ಬಾಳೂರಿನ ಟೈಲರ್ ಒಬ್ಬರು, ಹೊಲಿದ ಬಟ್ಟೆಯ ಗಂಟು ಹಿಡಿದು ದಾರಿಯ ಅಂಚಿನಲ್ಲಿ ಬರುತ್ತಿದ್ದರು. ಮಂಗಳೂರಿನ ಆಸ್ಪತ್ರೆಯಲ್ಲಿ ಅವರ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಹೊಲಿಗೆ ಯಂತ್ರ ತುಳಿದು ಹೆಂಡತಿ, ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಮನುಷ್ಯ.

ಪೊಲೀಸರು ಇನ್ಶೂರೆನ್ಸ್ ಕಾಗದ ಕೇಳಿದಾಗ ಅಪ್ಪ, "ಇದು ಎಸ್ಟೇಟ್ ಜೀಪು ಸಾರ್, ರೋಡಿಗೆ ಬರಲ್ಲ" ಎಂದರು.

"ಹಂಗಾದ್ರೆ ಅವ್ರು ನಿಮ್ ಕಾಫಿ ಗಿಡದ ಬುಡದಲ್ಲಿ ಬಿದ್ದಿದ್ರಾ?" ಎಂದು ಕೇಳಿದರು ಸಬ್ ಇನ್ಸ್‌ಪೆಕ್ಟರ್.

ಕ್ರಿಮಿನಲ್ ಕೇಸು ಬೇಗ ಮುಗಿಯಿತು. ತಪ್ಪೊಪ್ಪಿಕೊಂಡೆ, ದಂಡ ಕಟ್ಟಿದೆ, ಊಟದ ಹೊತ್ತಿಗೆ ಮನೆಯಲ್ಲಿದ್ದೆ. ಟೈಲರ್ ಹಾಕಿದ ಪರಿಹಾರದ ಕೇಸು ಮಾತ್ರ ಚಿಕ್ಕಮಗಳೂರಿನಲ್ಲಿ ವರ್ಷಗಟ್ಟಲೆ ತೆವಳಿತು. ನಮ್ಮ ವಕೀಲರು ಮೊದಲ ದಿನವೇ ಹೇಳಿದ್ದರು: "ಇನ್ಶೂರೆನ್ಸ್ ಇದ್ದಿದ್ರೆ ಕಂಪನಿ ಕಟ್ತಿತ್ತು. ಈಗ ಪೂರ್ತಿ ನಿಮ್ಮ ತಲೆ ಮೇಲೇ. ಕಟ್ಟದಿದ್ರೆ ತೋಟ ಜಪ್ತಿ ಆಗ್ಬಹುದು."

ಅಪ್ಪ ಆ ವಾರವೇ ಇಡೀ ತೋಟವನ್ನು ಅಮ್ಮನ ಹೆಸರಿಗೆ ದಾನಪತ್ರ ಮಾಡಿದರು. ನನ್ನ ಹೆಸರಲ್ಲಿ ಮೊದಲೇ ಏನೂ ಇರಲಿಲ್ಲ. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಕಾಲು ತೆಗೆದವನೂ ನಾನೇ, ಆ ಕಾಲಿನ ಬೆಲೆ ಸಿಗದಂತೆ ಮಾಡಿದವನೂ ನಾನೇ. ಅಪ್ಪ ಬಲವಂತ ಮಾಡಿದರು ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಸುಳ್ಳು. ತೋಟ ಹೋದೀತೆಂದು ನನಗೂ ಹೆದರಿಕೆಯಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ತೀರ್ಪು ಬಂತು. ಟೈಲರ್ ಗೆದ್ದರು. ವಸೂಲಿಗೆ ಹೊರಟರೆ ಅಪ್ಪನ ಹೆಸರಲ್ಲಿ ಸಿಕ್ಕಿದ್ದು ತುಕ್ಕು ಹಿಡಿದ ಆ ಜೀಪೊಂದೇ. ದಾನಪತ್ರವನ್ನು ಪ್ರಶ್ನಿಸಬಹುದಿತ್ತು. ಅದಕ್ಕೆ ಮತ್ತೊಂದು ಕೇಸು, ಮತ್ತಷ್ಟು ವರ್ಷ, ಮತ್ತೆ ಊರುಗೋಲಿನಲ್ಲಿ ಬಸ್ಸು ಹತ್ತಿ ಇಳಿಯುವುದು. ಅವರ ದೊಡ್ಡ ಮಗಳ ಮದುವೆ ಬೇರೆ ನಿಶ್ಚಯವಾಗಿತ್ತು. ಅದು ನಮ್ಮ ವಕೀಲರಿಗೆ ತಿಳಿದಿತ್ತು, ಅದಕ್ಕೇ ಆಗ ರಾಜಿಯ ಮಾತೆತ್ತಿದರು. ತೀರ್ಪಿನ ಹಣದ ಮೂರನೆಯ ಒಂದು ಪಾಲಿಗೆ ಟೈಲರ್ ಒಪ್ಪಿಕೊಂಡರು.

ರಾಜಿಗೆ ಸಹಿ ಹಾಕಿದ ದಿನ ಕೋರ್ಟಿನ ಜಗಲಿಯಲ್ಲಿ ಅವರು ಅಪ್ಪನ ಎದುರು ಬಂದು ನಿಂತರು. ಬೈಯಲಿ, ಉಗಿಯಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವರು ಊರುಗೋಲನ್ನು ಕಂಕುಳಲ್ಲಿ ಒತ್ತಿ ಹಿಡಿದು ಎರಡೂ ಕೈ ಮುಗಿದರು.

"ದೊಡ್ಡ ಮನಸ್ಸು ಮಾಡಿದ್ರಿ. ನನ್ನಿಂದ ನೀವೂ ಇಷ್ಟು ವರ್ಷ ಕೋರ್ಟಿಗೆ ಅಲೆಯೋ ಹಂಗಾಯ್ತು."

ಅಪ್ಪ ದೊಡ್ಡ ಮನುಷ್ಯರಂತೆ ತಲೆಯಾಡಿಸಿ, "ಇರ್ಲಿ ಬಿಡಿ" ಎಂದರು.