ದೇವದುರ್ಗಕ್ಕ ಒಯ್ದ ಪ್ರೊಸೆಸರ್

ನಮ್ಮಣ್ಣನ ಜೋಡಿ ವಾದಕ್ಕ ಕುಂತ್ರ ನನ್ನ ತಲಿ ಕೆಡ್ತದ. ಅಂವ ಒಂದು ಕಂಪನಿ ಪ್ರೊಸೆಸರಿನ, ಅಂದ್ರ ಕಂಪ್ಯೂಟರಿನ ಮಿದುಳಿನ, ಭಕ್ತ. ನಾ ರಾಯಚೂರಿನ ಕಂಪ್ಯೂಟರ್ ಅಂಗಡ್ಯಾಗ ಅದರ ಎದುರಾಳಿ ಕಂಪನೀದು ಮಾರಾಕಿ. ಅಂವಗ ಸ್ನಾಯು ಸೊರಗೋ ರೋಗ ಅದ. ಮೊದಲು ಕಾಲು, ಆಮ್ಯಾಲ ಕೈ ಅಂತ ಡಾಕ್ಟರ್ ಹೇಳಿಬಿಟ್ಟಿದ್ರು. ಕಾಲು ಹೋಗಿದ್ದವು. ದೇವದುರ್ಗದ ಮನ್ಯಾಗ ಗಾಲಿಕುರ್ಚಿಮ್ಯಾಲ ಕುಂತು ಓಡೋದು, ಹಾರೋದು, ಗುದ್ದಾಡೋದು ಎಲ್ಲಾ ಗೇಮಿನಾಗೇ ಮಾಡ್ತಿದ್ದ.

ಹೋದ ಬ್ಯಾಸಿಗ್ಯಾಗ ದಿನಾ ಸೋಲಾಕತ್ತಿದ. "ಬಟನ್ ಒತ್ತಿದ್ರ ತಡಾ ಮಾಡಿ ಹಾರ್ತದ ಬೇ. ಪ್ರೊಸೆಸರ್ ಮುದುಕ ಆಗ್ಯಾದ" ಅಂತ ಫೋನಿನಾಗ ಗೋಳು. ನಾ ಬಿಡ್ತೀನೇನು? "ನಿನ್ನ ಕಂಪನಿ ಹಣೇಬರಹ ಅಷ್ಟೇ" ಅಂದೆ. ಮಾಲಕರನ್ನ ಕೇಳಿ, ಅಂಗಡ್ಯಾಗ ತೋರ್ಸಾಕ ಇಟ್ಟಿದ್ದ ನಮ್ಮ ಹೊಸಾ ಪ್ರೊಸೆಸರ್ ತಗೊಂಡೆ. ಕಂಪನಿ ಬ್ಯಾರೆ ಆದ್ರ ಅದನ್ನ ಕೂಡಿಸೋ ಬೋರ್ಡೂ ಬ್ಯಾರೆ ಬೇಕು. ಎರಡನ್ನೂ ತೊಡಿಮ್ಯಾಲ ಇಟ್ಕೊಂಡು, ಕುಲುಕೋ ಬಸ್ಸಿಗೆ ಬಯ್ಕೋತ ಹೋದೆ.

ಮೊದಲು ಹಳೇದ್ರಾಗ ಆಡಿಸಿದೆ. ಗೇಮಿನಾಗ ಒಂದು ಮಾಳಿಗಿಯಿಂದ ಇನ್ನೊಂದಕ್ಕ ಹಾರಬೇಕು. ಬಿದ್ದ. ಹೊಸಾದು ಕೂಡಿಸಿದೆ. ಸೆಕೆಂಡಿಗೆ ಎಷ್ಟು ಚಿತ್ರ ಮೂಡ್ತಾವ ಅನ್ನೋ ಅಂಕಿ ಪರದಿ ಮೂಲ್ಯಾಗ ಇರ್ತದ; ಹೆಚ್ಚಿದ್ದಷ್ಟು ಆಟ ಸರಾಗ. ಅದು ಸರ್ರಂತ ಏರಿತು. ನನ್ನ ಸೊಕ್ಕು ಕೇಳಬ್ಯಾಡ್ರಿ. ಅಣ್ಣ ಅದೇ ಮಾಳಿಗಿಯಿಂದ ಮತ್ತ ಬಿದ್ದ.

"ಇದೂ ತಡಾನೇ ಅದ."

"ಕಣ್ಣು ಕಾಣಂಗಿಲ್ಲೇನು? ಅಂಕಿ ನೋಡು."

"ಹಂಗಾದ್ರ ನೀನೇ ಆಡು."

ನಾ ಗೇಮ್ ಆಡಾಕಿ ಅಲ್ಲ. ಆದ್ರೂ ಬಟನ್ ಒತ್ತಿದೆ. ಗೇಮಿನ ಗೊಂಬಿ ಹಾರಿತು. ಅಣ್ಣ "ಹಳೇದು ಹಾಕು" ಅಂದ. ತಡಾ ಎಲ್ಲಿ ಆಗ್ತದ ಅಂತ ಅಷ್ಟೊತ್ತಿಗೆ ನನಗ ತಿಳಿದಿತ್ತು. ಬಿಸಲು ಭಾಳ ಅದ, ಚಾ ಕುಡಿಯೋಣು ಅಂದೆ.

"ಹಾಕು ಅಂದ್ನಲ್ಲ."

ಸ್ಕ್ರೂ ಬಿಚ್ಚಿ ಮತ್ತ ಹಳೇದು ಹಾಕಿದೆ. ಗೊಂಬಿ ತಪ್ಪಿ ಬೀಳ್ಲಿ ದೇವ್ರೇ ಅಂತ ಬೇಡ್ಕೋತ ಒತ್ತಿದೆ. ಅಂಕಿ ಕಡಿಮಿ ಇತ್ತು, ಆದ್ರ ಒತ್ತಿದ ಕೂಡಲೇ ಹಾರಿತು. ಮುಖ ಎತ್ತಿ ಅಂವನ್ನ ನೋಡೋ ಧೈರ್ಯ ಆಗ್ಲಿಲ್ಲ.

ಅವ್ವ ಚಾ ತಂದ್ಲು. "ಏನಾಗಿತ್ತಪ್ಪಾ ಅದಕ್ಕ?"

"ಏನೂ ಆಗಿಲ್ಲ ಯವ್ವಾ. ಹಳೇದೇ ಚಲೋ ಅದ" ಅಂದ ಅಣ್ಣ.

ಅವ್ವಗ ಖುಷಿ ಆತು. "ಕುಣಿಯಾಕ ಬಾರದಾಕಿ ನೆಲ ಡೊಂಕು ಅಂದ್ಲಂತ" ಅಂತ ನಕ್ಕು, ಅಂವನ ಮುಂದ ಕಪ್ ಹಿಡಿದ್ಲು.

"ಅಲ್ಲೇ ಇಡು" ಅಂದ. ಕೈ ಎತ್ತಲಿಲ್ಲ.